ಕೆಂಪವ್ವ ಕೇಳಿದ ಅರ್ಥ

ಸವದತ್ತಿ
೯ ನವೆಂಬರ್ ೨೦೨೫

ಪ್ರೀತಿಯ ಸಂಘಮಿತ್ರಾಳಿಗೆ ಮೀನಾಳ ನಮಸ್ಕಾರ, ಅದರ ಜೊತೆಗೇ ತಪ್ಪೊಪ್ಪಿಗೆ.

ನಿನ್ನ ಪತ್ರ ಬಂದದ್ದು ಶ್ರಾವಣದಲ್ಲಿ. ಈಗ ದೀಪಾವಳಿಯೂ ಮುಗಿದು ಬಿಳಿಜೋಳ ಮೊಣಕಾಲೆತ್ತರ ಬೆಳೆದಿದೆ. ಇಷ್ಟು ದಿನ ಉತ್ತರ ಬರೆಯದ್ದಕ್ಕೆ ನೀನು ನನ್ನನ್ನು ಏನೇನು ಬೈದಿರುತ್ತೀ ಎಂದು ಬಲ್ಲೆ. ಕೊಲ್ಹಾಪುರಕ್ಕೆ ಹೋಗಿ ಮಗಳ ಮನೆಯಲ್ಲಿ ಕುಳಿತರೂ ಬೈಲಹೊಂಗಲದ ಬೈಗುಳ ಮರೆಯುವವಳಲ್ಲ ನೀನು. ನಿನ್ನ ಮಗಳು ಪ್ರಣಿತಾ ಮೊನ್ನೆ ಫೋನಿನಲ್ಲಿ ಹೇಳಿದಳು, ಹೊಸ ಕಿವಿ ಮಷೀನನ್ನೂ ಡಬ್ಬಿಯೊಳಗೇ ಇಟ್ಟಿದ್ದೀಯಂತೆ, ಅದನ್ನು ಹಾಕಿಕೊಂಡರೆ ಮಿಕ್ಸರ್ ಶಬ್ದ ಬಿಟ್ಟು ಬೇರೇನೂ ಕೇಳುವುದಿಲ್ಲವಂತೆ. ಹಾಗಿದ್ದರೆ ಇರಲಿ ಬಿಡು. ನಿನಗೆ ಕಿವಿ ಸರಿಯಿದ್ದಿದ್ದರೆ ನಾವೂ ಎಲ್ಲರಂತೆ ಫೋನಿನಲ್ಲೇ ಮುಗಿಸಿಬಿಡುತ್ತಿದ್ದೆವು, ಈ ಕಾಗದ ಪೆನ್ನು ಯಾರಿಗೆ ಬೇಕಾಗಿತ್ತು?

ನಾನು ಚೆನ್ನಾಗಿದ್ದೇನೆ. ಮೊಣಕಾಲು ಆಗಾಗ ತಕರಾರು ಮಾಡುತ್ತದೆ, ನಾನು ಅದರ ಮಾತಿಗೆ ಲಕ್ಷ್ಯ ಕೊಡುವುದಿಲ್ಲ. ಮನೆಯ ಕೆಳಗಿನ ಭಾಗವನ್ನು ಖಾನಾವಳಿಗೆ ಬಾಡಿಗೆ ಕೊಟ್ಟಿದ್ದು ನಿನಗೆ ಗೊತ್ತೇ ಇದೆ. ನಡೆಸುವವಳು ಬಾಯವ್ವ ಎಂಬ ಗಟ್ಟಿಗಿತ್ತಿ. ಬೆಳಗಿನಿಂದ ರೊಟ್ಟಿ ಬಡಿಯುವ ಸದ್ದು ಮೇಲಿನವರೆಗೂ ಬರುತ್ತದೆ, ಮಧ್ಯಾಹ್ನ ಪಲ್ಯದ ವಾಸನೆ ಬರುತ್ತದೆ, ಸಂಜೆ ಖುದ್ದು ಬಾಯವ್ವನೇ ಮೆಟ್ಟಿಲು ಹತ್ತಿ ಬರುತ್ತಾಳೆ. ಏಕೆ ಎಂದು ಕೇಳು. ಇಂಗ್ಲಿಷ್ ಕಲಿಯಲಿಕ್ಕೆ.

ಹೌದು, ನಿವೃತ್ತಳಾದ ಮೇಲೆ ನಾನು ಸುಮ್ಮನೆ ಕುಳಿತಿಲ್ಲ. ಮೇಲಿನ ಪಡಸಾಲೆಯಲ್ಲಿ ದೊಡ್ಡವರಿಗಾಗಿ ಸಂಜೆಯ ಪಾಠ ಶುರುಮಾಡಿದ್ದೇನೆ. ಪರೀಕ್ಷೆ ಇಲ್ಲ, ಸರ್ಟಿಫಿಕೇಟೂ ಇಲ್ಲ. ಬಾಯವ್ವನಿಗೆ ಗುಡ್ಡಕ್ಕೆ ಬರುವ ದೂರದ ಯಾತ್ರಿಕರ ಜೊತೆ ಮಾತಾಡಬೇಕು. ಬಟ್ಟೆ ಅಂಗಡಿಗಳ ಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಭರಮಪ್ಪನಿಗೆ ಇಂಗ್ಲಿಷ್ ಪೇಪರು ಓದಬೇಕು. ಇನ್ನೊಬ್ಬಳು ಕೆಂಪವ್ವ. ನಾನು ಈ ಪತ್ರ ಬರೆಯುತ್ತಿರುವುದೇ ಅವಳ ವಿಷಯ ಹೇಳಲಿಕ್ಕೆ.

ಕೆಂಪವ್ವ ಹೊಳೆ ದಂಡೆಯ ಒಂದು ಹಳ್ಳಿಯವಳು. ಊರಿನ ಹೆಸರು ಬರೆಯುವುದಿಲ್ಲ, ನವಿಲುತೀರ್ಥಕ್ಕೆ ಹೋಗುವಾಗ ನೀನೂ ಆ ಊರನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೀ. ಮೀಸಲು ಬಂದ ಮೇಲೆ ಪಂಚಾಯತಿಗೆ ನಿಂತು ಗೆದ್ದು ಅಧ್ಯಕ್ಷೆಯಾದಳು. ಗಂಡ ಕಾಡಪ್ಪ ಗುಡ್ಡಕ್ಕೆ ಟೆಂಪೊ ಓಡಿಸುತ್ತಾನೆ. ಬೇರೆ ಊರುಗಳಲ್ಲಿ ಹೆಂಡತಿಯ ಕುರ್ಚಿಯಲ್ಲಿ ಗಂಡ ಕುಳಿತುಕೊಳ್ಳುವುದನ್ನು ನಾವು ನೋಡಿದ್ದೇವಲ್ಲ, ಕಾಡಪ್ಪ ಹಾಗಲ್ಲ. ಅವಳನ್ನು ಪಂಚಾಯತಿ ಕಟ್ಟೆಗೆ ಇಳಿಸಿ ಟೆಂಪೊ ತಿರುಗಿಸಿಕೊಂಡು ಹೋಗಿಬಿಡುತ್ತಾನೆ.

ಮೊದಲ ದಿನ ನಾನು ಅವಳನ್ನು ಕೇಳಿದೆ, ಕನ್ನಡದಲ್ಲೇ ಆಡಳಿತ ನಡೆಯುತ್ತದೆ, ನಿನಗೆ ಇಂಗ್ಲಿಷ್ ಏಕೆ ಬೇಕು ಎಂದು. ಅವಳು ವಿವರಿಸಿ ಹೇಳಿದಳು. ಸಭೆಯಲ್ಲಿ ಸಾಹೇಬರು ಚಹಾದ ಮಾತು, ಮಳೆಯ ಮಾತು, ಹಬ್ಬದ ಮಾತು ಎಲ್ಲವನ್ನೂ ಕನ್ನಡದಲ್ಲೇ ಆಡುತ್ತಾರಂತೆ. ದುಡ್ಡಿನ ಮಾತು ಬಂತೆಂದರೆ ಇಂಗ್ಲಿಷಿಗೆ ಹಾರುತ್ತಾರಂತೆ. ಆಮೇಲೆ ಅವಳು ಅಂದದ್ದು ಇಷ್ಟೇ: "ನನಗ ಮಾತಾಡಾಕ ಬರೂದು ಬ್ಯಾಡ್ರಿ ಅಕ್ಕಾರ. ಅವರು ಏನಂತಾರ ತಿಳಿದ್ರ ಸಾಕು."

ಇಂಥ ವಿದ್ಯಾರ್ಥಿಗಾಗಿ ನಾನು ಸರ್ವಿಸ್ ಪೂರ್ತಿ ಕಾದಿದ್ದೆ ಎನ್ನಿಸಿತು. ನಾವಿಬ್ಬರೂ ಕಿತ್ತೂರಿನ ಶಾಲೆಯಲ್ಲಿದ್ದಾಗ ಹತ್ತನೆಯ ಇಯತ್ತೆಗೆ ನುಡಿಗಟ್ಟು ಕಲಿಸುತ್ತಿದ್ದೆವಲ್ಲ, ನೆನಪಿದೆಯಾ? ಬೆಕ್ಕು ನಾಯಿಗಳ ಹಾಗೆ ಮಳೆ ಸುರಿಯಿತು ಎಂದು ಬಾಯಿಪಾಠ ಮಾಡಿಸುತ್ತಿದ್ದೆವು, ಹಿಂದಿನ ಬೆಂಚಿನವರು ಬೊಗಳಿ ತೋರಿಸುತ್ತಿದ್ದರು. ಇಲ್ಲಿ ಹಾಗಲ್ಲ. ಪಾಠವನ್ನು ಆರಿಸುವವರು ಅವರೇ. ಒಂದು ದಿನ ಭರಮಪ್ಪ ಪೇಪರಿನ ತುಂಡೊಂದನ್ನು ತಂದ. ಯಾವುದೋ ದೊಡ್ಡ ಕಂಪನಿಯ ಮೇಲಿನವರ ಸುದ್ದಿ. 'ಲೈನ್ಡ್ ದೇರ್ ಪಾಕೆಟ್ಸ್' ಎಂದಿತ್ತು. ತಮ್ಮ ಕಿಸೆಗೆ ಲೈನಿಂಗ್ ಹಾಕಿಕೊಂಡರು, ಇದರಲ್ಲಿ ತಪ್ಪೇನು, ನಾನು ದಿನಾ ಮಾಡುವ ಕೆಲಸ ಅದೇ ಎಂದು ಅವನಿಗೆ ಗೊಂದಲ. ಹಾಕಿದ ಲೈನಿಂಗ್ ಬಟ್ಟೆಯದಲ್ಲ, ಬೇರೆಯವರ ದುಡ್ಡಿನದು ಎಂದು ಹೇಳಿದೆ. ಪಡಸಾಲೆಯೆಲ್ಲ ನಕ್ಕಿತು.

ಅಷ್ಟಕ್ಕೇ ಬಿಡಲಿಲ್ಲ. ಇಂಗ್ಲಿಷರು ಲಂಚಕ್ಕೆ, ಕಳ್ಳ ಗಳಿಕೆಗೆ ಇನ್ನೂ ಏನೇನು ಅನ್ನುತ್ತಾರೆ ಹೇಳಿರೆಂದು ಗಂಟುಬಿದ್ದರು. ನಾನೂ ಉಮೇದಿಯಿಂದ ಕರಿಹಲಗೆ ತುಂಬಿಸಿದೆ. 'ಗ್ರೀಸ್ ದ ಪಾಮ್', ಅಂಗೈಗೆ ಜಿಡ್ಡು ಹಚ್ಚುವುದು. ನಾವು ಕೈ ಬೆಚ್ಚಗೆ ಮಾಡುವುದು ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ. 'ಹ್ಯಾಂಡ್ ಇನ್ ದ ಟಿಲ್', ಧಣಿಯ ಗಲ್ಲಾದೊಳಗೆ ನೌಕರನ ಕೈ. 'ಕುಕ್ ದ ಬುಕ್ಸ್' ಅಂದಾಗ ಬಾಯವ್ವ ಎದ್ದು ನಿಂತು, ಲೆಕ್ಕವನ್ನೂ ಬೇಯಿಸಿ ಬಡಿಸುವವರು ಇದ್ದಾರೆಂದರೆ ತನ್ನ ಖಾನಾವಳಿ ಯಾವ ಲೆಕ್ಕ ಎಂದಳು. 'ಸ್ಕಿಮ್ ಆಫ್ ದ ಟಾಪ್' ಅವಳಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ. ಹಾಲು ಕಾಸುವವರಿಗೆ ಕೆನೆ ಗೊತ್ತು, ಕೆನೆ ತೆಗೆದು ಉಳಿದದ್ದನ್ನು ಗಟ್ಟಿ ಹಾಲು ಎಂದು ಮಾರುವವರೂ ಗೊತ್ತು.

ಕೆಂಪವ್ವ ಹೆಚ್ಚು ನಗಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಒಂದು ಮಾತು ಅಂದಳು. ಅವರ ಭಾಷೆಯಲ್ಲಿ ಹಚ್ಚುತ್ತಾರೆ, ಹೊಲಿಯುತ್ತಾರೆ, ಬೇಯಿಸುತ್ತಾರೆ. ನಮ್ಮ ಕಡೆ ಸೀದಾ ತಿನ್ನುತ್ತಾರೆ, ದುಡ್ಡು ತಿಂದ, ದುಡ್ಡು ನುಂಗಿದ ಎನ್ನುತ್ತೇವೆ, ನಮ್ಮದೇ ನೆಟ್ಟಗಿದೆ ಎಂದಳು. ನಾನು ಆ ಮಾತನ್ನು ನಿನಗೆ ಬರೆಯಬೇಕೆಂದು ಅವತ್ತೇ ಅಂದುಕೊಂಡಿದ್ದೆ. ಆದರೆ ಅದಾದ ಮುಂದಿನ ವಾರ ನಡೆದದ್ದು ನನ್ನ ಕೈಯಿಂದ ಪೆನ್ನು ಕಸಿದುಕೊಂಡಿತು.

ಕೆಂಪವ್ವನ ಊರಿನಲ್ಲಿ ಹೊಸದಾಗಿ ಕುಡಿಯುವ ನೀರಿನ ಟ್ಯಾಂಕ್ ಕಟ್ಟಿದ್ದರು, ಎತ್ತರದ ಕಂಬಗಳ ಮೇಲೆ ನಿಲ್ಲುವಂಥದ್ದು. ಬುಡದಲ್ಲೇ ಅಂಗನವಾಡಿ. ಕೆಲಸ ಮುಗಿದು ಸುಣ್ಣ ಬಣ್ಣವಾಗಿತ್ತು. ಗುತ್ತಿಗೆದಾರ ರಾಮದುರ್ಗದ ಕಡೆಯವನು, ವಯಸ್ಸಿನಲ್ಲಿ ಸಣ್ಣವನು, ಕಲಿತವನು. ಕೆಲಸ ಸರಿಯಾಗಿದೆ ಎಂದು ಬರೆದುಕೊಡಬೇಕಾದ ಇಂಜಿನಿಯರನೂ ಅವನ ವಯಸ್ಸಿನವನೇ, ಕಾಲೇಜಿನಲ್ಲಿ ಇಬ್ಬರೂ ಜೊತೆಗಿದ್ದವರಂತೆ. ಅಧ್ಯಕ್ಷೆ ಸಹಿ ಹಾಕಿದರೆ ಕೊನೆಯ ಬಿಲ್ಲು ಹೋಗುತ್ತದೆ. ಇಬ್ಬರೂ ಟ್ಯಾಂಕಿನ ಬುಡದಲ್ಲಿ ನಿಂತು ಕೆಂಪವ್ವನಿಗೆ ಎಳನೀರು ಕೊಡಿಸಿ, ಕನ್ನಡದಲ್ಲಿ ಹೊಗಳಿ, ಆಮೇಲೆ ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ನಕ್ಕಿದ್ದಾರೆ. ಅವಳು ಎಳನೀರು ಕುಡಿಯುತ್ತ ಇಂಜಿನಿಯರನ ಮಾತನ್ನು ಕಿವಿಗೆ ಹಾಕಿಕೊಂಡಿದ್ದಾಳೆ. ಸವದತ್ತಿಯವರೆಗೂ ಗಂಡನ ಟೆಂಪೊದಲ್ಲಿ ಅದನ್ನೇ ಗಿಣಿಯ ಹಾಗೆ ಹೇಳಿಕೊಳ್ಳುತ್ತ ಬಂದಿದ್ದಾಳೆ.

ಪಾಠದ ಹೊತ್ತಿಗೆ ಇನ್ನೂ ಸಮಯವಿತ್ತು. ನಾನು ಗಿಡಕ್ಕೆ ನೀರು ಹಾಕುತ್ತಿದ್ದೆ. ಅವಳು ಮೆಟ್ಟಿಲು ಹತ್ತಿ ಬಂದವಳೇ ಆ ವಾಕ್ಯವನ್ನು ಒಪ್ಪಿಸಿದಳು: "ವಿ ಕಟ್ ಸಮ್ ಕಾರ್ನರ್ಸ್, ವಿ ಸ್ಕಿಮ್ಡ್ ಆಫ್ ದ ಟಾಪ್, ಶಿ ವಿಲ್ ಸೈನ್." ಆಮೇಲೆ ಹೇಳಿದಳು:

"ಕೆನಿ ತಗದಾರ ಅನ್ನೂದು ತಿಳೀತ್ರಿ ಅಕ್ಕಾರ. ಶಿ ಅಂದ್ರ ನಾನ ಅನ್ನೂದೂ ತಿಳೀತು, ಅಲ್ಲಿ ಹೆಣ್ಮಗಳು ಅಂದ್ರ ನಾನೊಬ್ಬಾಕಿ ಇದ್ದೆ. ಕಟ್ ಕಾರ್ನರ್ಸ್ ಅಂದ್ರ ಮೂಲಿ ಕಡಿಯೂದೇನ್ರಿ? ಕಂಬದ ಮೂಲಿ ಎಲ್ಲಾ ಕೈ ಆಡಿಸಿ ನೋಡಿ ಬಂದೇನ್ರಿ. ಎಲ್ಲಾ ನೆಟ್ಟಗ ಅದಾವ."

ಸಂಘಮಿತ್ರಾ, ನಾನು ನೀರು ಹಾಕುವುದನ್ನು ನಿಲ್ಲಿಸಿದೆ. ಆ ಭಾಗದ ಕೆಲಸ ನೋಡುವ ಇಂಜಿನಿಯರ್ ಯಾರೆಂದು ನನಗೆ ಗೊತ್ತಿತ್ತು. ಅವನ ಹೆಸರನ್ನು ಕೊನೆಗೆ ಬರೆಯುತ್ತೇನೆ, ಇಲ್ಲಿ ಬರೆದರೆ ಉಳಿದದ್ದನ್ನು ಬರೆಯಲು ಕೈ ಓಡುವುದಿಲ್ಲ. ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಆಡುವ ಮಕ್ಕಳಿಗೆ ತಾಗದಿರಲಿ ಎಂದು ಕಂಬದ ಚೂಪು ಮೂಲೆ ಸವರಿ ಮೊಂಡು ಮಾಡುತ್ತಾರವ್ವಾ, ಅದಕ್ಕೇ ಹಾಗೆನ್ನುತ್ತಾರೆ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಒಳಗೆ ಹೋಗಿ ನೀರು ಕುಡಿದೆ, ಅವಳಿಗೂ ಒಂದು ತಂಬಿಗೆ ತಂದುಕೊಟ್ಟೆ, ಎದುರಿಗೆ ಕುಳಿತು ಅರ್ಥ ಹೇಳಿದೆ. ಹಾಕಬೇಕಾದ್ದನ್ನು ಹಾಕದೆ, ಮಾಡಬೇಕಾದಷ್ಟು ಮಾಡದೆ, ಹೊರಗಿನಿಂದ ಪೂರ್ತಿ ಕಾಣುವ ಹಾಗೆ ಕೆಲಸ ಮುಗಿಸುವುದು ಎಂದೆ. ಅದರಲ್ಲಿ ಉಳಿದ ದುಡ್ಡೇ ಅವರು ತೆಗೆದ ಕೆನೆ ಎಂದೂ ಹೇಳಿದೆ.

ಅವಳು ತಂಬಿಗೆಯನ್ನು ಕೆಳಗಿಟ್ಟಳು.

"ಅಂದ್ರ ಕಬ್ಬಿಣ ಕಡಿಮಿ ಹಾಕ್ಯಾರ."

ಕಬ್ಬಿಣವೋ ಸಿಮೆಂಟೋ ನನಗೆ ತಿಳಿಯದು, ತಿಳಿದವರನ್ನು ಕರೆಸಿ ನೋಡಿಸಬೇಕು ಎಂದೆ. ಅವಳು ಅವತ್ತು ಪಾಠಕ್ಕೆ ಕೂರಲಿಲ್ಲ. ಸಾವಕಾಶ ಸೆರಗು ಸರಿಮಾಡಿಕೊಂಡು ಇಳಿದುಹೋದಳು.

ಮುಂದಿನದನ್ನು ನಾನು ಕಂಡಿಲ್ಲ, ಕಾಡಪ್ಪ ಬಂದು ಹೇಳಿದ. ಸಭೆಯ ದಿನ ಅವನು ಅವತ್ತಿನ ಟೆಂಪೊ ಬಾಡಿಗೆ ಬಿಟ್ಟುಕೊಟ್ಟು ಪಂಚಾಯತಿ ಬಾಗಿಲಲ್ಲೇ ನಿಂತಿದ್ದನಂತೆ. ಬಿಲ್ಲನ್ನು ಅವಳ ಮುಂದೆ ಇಟ್ಟು ಪೆನ್ನು ಕೊಟ್ಟರು. ಗುತ್ತಿಗೆದಾರ, ಇಂಜಿನಿಯರ್ ಇಬ್ಬರೂ ಅಲ್ಲೇ ಇದ್ದರು. ಕೆಂಪವ್ವ ಪೆನ್ನನ್ನು ಪಕ್ಕಕ್ಕೆ ಸರಿಸಿ, ಇಂಜಿನಿಯರನ ಮುಖ ನೋಡಿ ಇಂಗ್ಲಿಷಿನಲ್ಲೇ ಹೇಳಿದಳಂತೆ: "ಯು ಕಟ್ ಕಾರ್ನರ್ಸ್, ಸರ್. ಐ ವಿಲ್ ನಾಟ್ ಸೈನ್."

ಮಾತಾಡಲು ಬರುವುದು ಬೇಡ ಎಂದವಳು ಅವಳು. ನಾನು ಕಾಡಪ್ಪನಿಂದ ಆ ವಾಕ್ಯವನ್ನು ಮತ್ತೆ ಹೇಳಿಸಿದೆ. ವ್ಯಾಕರಣದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ.

ಆಮೇಲೆ ಗದ್ದಲವಾಯಿತಂತೆ. ಗುತ್ತಿಗೆದಾರ ಮೊದಲು ನಕ್ಕ, ಆಮೇಲೆ ಕೂಗಾಡಿದ, ಓದುಬರಹ ಅರ್ಧಂಬರ್ಧ ಬಲ್ಲವರ ಕೈಗೆ ಅಧಿಕಾರ ಕೊಟ್ಟರೆ ಹೀಗೇ ಎಂದ. ಜಾತಿಯ ಮಾತೂ ಬಾಯಿಯವರೆಗೆ ಬಂದಿತ್ತು, ಬಾಗಿಲಲ್ಲಿ ಕಾಡಪ್ಪ ಒಂದು ಹೆಜ್ಜೆ ಒಳಗಿಟ್ಟದ್ದನ್ನು ನೋಡಿ ನುಂಗಿಕೊಂಡ. ಸದಸ್ಯರು ತಲೆ ತಗ್ಗಿಸಿ ಕುಳಿತಿದ್ದರು. ಆಗ ಎದ್ದವಳು ಸೋಮವ್ವ ಎಂಬ ಸದಸ್ಯೆ. ಊರಿನ ದೊಡ್ಡ ಹೊಲದವರ ಮನೆಯ ಹಿರಿಯಳು, ಕೆಂಪವ್ವ ಅಧ್ಯಕ್ಷೆಯಾದಾಗಿನಿಂದ ಅವಳ ಮುಖ ನೋಡಿ ಮಾತಾಡಿದವಳಲ್ಲ. ಅವಳು ಅಂದದ್ದನ್ನು ಕಾಡಪ್ಪ ಅವಳ ದನಿಯಲ್ಲೇ ಹೇಳಿ ತೋರಿಸಿದ: "ನನ್ನ ಮೊಮ್ಮಗಾ ದಿನಾ ಆ ಟ್ಯಾಂಕಿನ ಬುಡಕ ಕುಂತು ಉಪ್ಪಿಟ್ಟು ತಿಂತಾನ. ಅಧ್ಯಕ್ಷರು ಹೇಳಿದ್ದು ಬರಕೋರಿ."

ಅಧ್ಯಕ್ಷರು ಎಂದಳು ನೋಡು. ಕಾಡಪ್ಪನ ಕಣ್ಣಲ್ಲಿ ನೀರು ಬಂದಿತ್ತು.

ಕೆಲಸ ಪರೀಕ್ಷಿಸದೆ ಬಿಲ್ಲು ಕೊಡುವುದಿಲ್ಲ ಎಂದು ಠರಾವು ಆಯಿತು. ಅಂಗನವಾಡಿಯ ಮಕ್ಕಳನ್ನು ಮರುದಿನವೇ ಸಮುದಾಯ ಭವನಕ್ಕೆ ಕಳಿಸಿದರು. ನಂತರದ ದಿನಗಳು ಅವಳಿಗೆ ಸುಲಭವಾಗಿರಲಿಲ್ಲ. ಕಾಡಪ್ಪನಿಗೆ ಹೊಸ ಗಾಡಿ ಕೊಡಿಸುತ್ತೇವೆ ಎಂದು ಒಬ್ಬರು ಬಂದರು, ಇರುವ ಗಾಡಿ ಗುಡ್ಡದ ದಾರಿಯಲ್ಲಿ ಓಡದ ಹಾಗೆ ಮಾಡುತ್ತೇವೆ ಎಂದು ಇನ್ನೊಬ್ಬರು ಬಂದರು. ಇಬ್ಬರಿಗೂ ಚಹಾ ಕುಡಿಸಿ ಕಳಿಸಿದರು ಗಂಡ ಹೆಂಡತಿ. ಕೆಂಪವ್ವ ಒಂದು ಸಂಜೆಯೂ ಪಾಠ ತಪ್ಪಿಸಲಿಲ್ಲ. ಭರಮಪ್ಪ ತನ್ನ ಅಂಗಡಿ ಬೇಗ ಮುಚ್ಚಿ ಅವಳು ಬಸ್ಸು ಹತ್ತುವವರೆಗೂ ಜೊತೆಗೆ ನಡೆಯುತ್ತಿದ್ದ. ಬಾಯವ್ವ ರೊಟ್ಟಿ ಕಟ್ಟಿ ಕೊಡುತ್ತಿದ್ದಳು.

ಬೆಳಗಾವಿಯಿಂದ ಪರೀಕ್ಷೆ ಮಾಡುವವರು ಮಷೀನು ತಂದು ಕಂಬ ಕೊರೆದು ನೋಡಿದರು. ನಕಾಶೆಯಲ್ಲಿದ್ದ ಕಬ್ಬಿಣದ ಸಳಿಗಿಂತ ತೆಳ್ಳನೆಯ ಸಳಿ, ಅದೂ ದೂರದೂರ. ಕೈಯಿಂದ ಉಜ್ಜಿದರೆ ಕಾಂಕ್ರೀಟು ಉದುರುತ್ತಿತ್ತಂತೆ. ಟ್ಯಾಂಕ್ ತುಂಬಿಸಿದ್ದರೆ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ ಎಂದು ಬರೆದುಕೊಟ್ಟು ಹೋದರು. ಕಳೆದ ತಿಂಗಳು ಅದನ್ನು ಕೆಡವಿದರು. ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಮತ್ತೆ ಕಟ್ಟಬೇಕು. ಇಂಜಿನಿಯರನನ್ನು ಅಮಾನತಿನಲ್ಲಿಟ್ಟು ವಿಚಾರಣೆ ನಡೆಸುತ್ತಿದ್ದಾರೆ. ಹೊಸ ಟ್ಯಾಂಕಿನ ಪಾಯ ತೋಡುವಾಗ ಕೆಂಪವ್ವ ನನ್ನನ್ನೂ ಕರೆದುಕೊಂಡು ಹೋದಳು. ಬಿಸಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಸಳಿ ಕಟ್ಟುವವರ ಹತ್ತಿರ ನಿಂತು, ಪ್ರತಿಯೊಂದನ್ನೂ ಇದೇನು, ಏಕೆ, ಎಷ್ಟು ದಪ್ಪ ಎಂದು ಕೇಳುತ್ತಿದ್ದಳು. ಅವರು ಹೇಳುತ್ತಿದ್ದರು, ಕನ್ನಡದಲ್ಲಿ.

ಪಡಸಾಲೆಯಲ್ಲಿ ಈಗ ಜಾಗ ಸಾಲುತ್ತಿಲ್ಲ. ಸುತ್ತಲಿನ ಊರುಗಳ ಪಂಚಾಯತಿಯ ಹೆಣ್ಣುಮಕ್ಕಳು ಬರತೊಡಗಿದ್ದಾರೆ, ಮನೋಳಿಯಿಂದ ಒಬ್ಬಳು, ಬೈಲಹೊಂಗಲದ ಕಡೆಯಿಂದ ಇಬ್ಬರು. ಒಬ್ಬಳಂತೂ ಬಂದ ದಿನವೇ, ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಆ ಕಳ್ಳ ಗಳಿಕೆಯ ಇಂಗ್ಲಿಷ್ ಕಲಿಸಿ ಎಂದಳು. ಈ ವಯಸ್ಸಿನಲ್ಲಿ ನನ್ನ ಇಂಗ್ಲಿಷಿಗೆ ಇಷ್ಟು ಬೇಡಿಕೆ ಬರುತ್ತದೆಂದು ಅಂದುಕೊಂಡಿರಲಿಲ್ಲ. ನೀನು ಚಳಿಗಾಲ ಕಳೆದ ಮೇಲೆ ಇಲ್ಲಿಗೆ ಬಂದು ಒಂದು ತಿಂಗಳಿರು. ಪಾಠ ಕಲಿಸಲು ಕಿವಿ ಬೇಕಾಗಿಲ್ಲ, ಬಾಯಿ ಇದ್ದರೆ ಸಾಕು, ಅದು ನಿನಗೆ ಸಾಕಷ್ಟಿದೆ.

ಪ್ರಣಿತಾಳಿಗೆ, ಅವಳ ಗಂಡನಿಗೆ ನನ್ನ ಆಶೀರ್ವಾದ ಹೇಳು. ಮೊಮ್ಮಗಳ ಕೆನ್ನೆಗೆ ನನ್ನ ಹೆಸರಲ್ಲಿ ಒಂದು ಮುತ್ತು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಾಲಗೆ ಹೀಗೇ ಚುರುಕಾಗಿರಲಿ. ಒಳ್ಳೆಯದಾಗಲಿ, ಎಲ್ಲರಿಗೂ.

ನಿನ್ನ,
ಮೀನಾ

ತಾ.ಕ. ಹೆಸರು ಕೊನೆಗೆ ಬರೆಯುತ್ತೇನೆ ಎಂದಿದ್ದೆ. ಆ ಇಂಜಿನಿಯರ್ ನನ್ನ ಗೌರೀಶ.

ಟ್ಯಾಂಕ್ ಕೆಡವಿದ ಮರುದಿನ ಮನೆಗೆ ಬಂದಿದ್ದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆಯೇ ನಿಂತು, "ಯಾರಂತ ಗೊತ್ತಿದ್ದೂ ಹೇಳಿದೇನವ್ವಾ" ಎಂದು ಕೇಳಿದ. ಹೌದು ಎಂದೆ. ಅಲ್ಲಿಂದ ಇವತ್ತಿನವರೆಗೆ ಬಂದಿಲ್ಲ, ನನ್ನ ಫೋನು ಎತ್ತುವುದಿಲ್ಲ. ದೀಪಾವಳಿಗೆ ಮೂವರಿಗಾಗಿ ಹೋಳಿಗೆ ಮಾಡಿದ್ದೆ, ಸೊಸೆಯೂ ಬರಲಿಲ್ಲ. ಅವನು ದುಡ್ಡಿಗೆ ಕಷ್ಟಪಡುವ ಮನೆಯಲ್ಲಿ ಬೆಳೆದವನಲ್ಲ, ಸಂಘಮಿತ್ರಾ. ಅದೇ ನನಗೆ ಅರ್ಥವಾಗದೆ ಉಳಿದಿದೆ.

ಕೆಂಪವ್ವನಿಗೆ ಮೊದಲೇ ತಿಳಿದಿತ್ತಂತೆ. ಪಡಸಾಲೆಯ ಗೋಡೆಯ ಮೇಲೆ ಅವನ ಫೋಟೊ ಇದೆಯಲ್ಲ, ದಿನಾ ಅದರ ಎದುರಿಗೇ ಕೂರುವವಳು. ಹೊಸ ಪಾಯ ನೋಡಲು ಹೋದ ದಿನ ಹೇಳಿದಳು. ಮತ್ತೆ ನನ್ನನ್ನೇ ಏಕೆ ಕೇಳಿದೆ, ಇಂಗ್ಲಿಷ್ ಪೇಪರು ಓದುವ ಯಾರನ್ನಾದರೂ ಕೇಳಬಹುದಿತ್ತಲ್ಲ ಎಂದೆ. "ನಿಮಗ ತಿಳಿಯದಂಗ ಮಾಡಬಾರದು ಅನಿಸ್ತ್ರಿ ಅಕ್ಕಾರ. ನಿಮ್ಮ ಮಗಾ ಅಂವಾ" ಎಂದಳು. ಅಷ್ಟು ಹೇಳಿ ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು, ಬಹಳ ಹೊತ್ತು ಎದ್ದು ಹೋಗಲಿಲ್ಲ.

ಕಿತ್ತೂರಿನಲ್ಲಿ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಎ ಬಿ ಸಿ ತಿದ್ದಿಸಿದವಳು ನೀನು, ನಿನ್ನ ಮಾತನ್ನು ಅವನು ತೆಗೆದುಹಾಕುವುದಿಲ್ಲ. ಅವನಿಗೊಂದು ಪತ್ರ ಬರೆ. ಬೈಯಬೇಡ, ಆ ಕೆಲಸ ವಿಚಾರಣೆಯವರು ಮಾಡುತ್ತಾರೆ. ಅವ್ವ ಅರ್ಥ ಹೇಳಬಾರದಿತ್ತು ಎಂದು ಮಾತ್ರ ಬರೆಯಬೇಡ. ಊಟಕ್ಕೆ ಹೋಗು ಎಂದು ಬರೆ.